ಮೈನ್ ಇಳಿಸಿದ ಮಾತ್ರಕ್ಕೆ ಕರೆಂಟು ಹೋಯಿತೆ?

(ತುಮಕೂರು ಸತ್ಯಮಂಗಲದಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ, ಬಹುಕಾಲ ಮೋಟಾರು ಸುತ್ತುವ ಕಸುಬು ಮಾಡಿದವರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಮೂವತ್ತು ವರ್ಷ ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಂತಿ ಸುತ್ತಿದವನು. ವೈದ್ಯನಿಗೆ ರೋಗಿಯ ನಾಡಿ ಹೇಗೋ ನನಗೆ ಸುಟ್ಟ ಕಾಯಿಲು ಹಾಗೆ. ಏಕೆ ಸುಟ್ಟೆನೆಂಬುದನ್ನು ಅದೇ ಹೇಳುತ್ತದೆ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದೆಂದರೆ, ಮೋಟಾರು ತಾನಾಗಿ ಸಾಯುವುದು ಅಪರೂಪ; ಬಹುಮಟ್ಟಿಗೆ ನಾವೇ ಕೊಲ್ಲುತ್ತೇವೆ. ಮೋಟಾರು ಸತ್ತರೆ ಮತ್ತೆ ಸುತ್ತಬಹುದು. ಅದರ ಪಕ್ಕದಲ್ಲಿ ನಿಂತವನು ಸತ್ತರೆ ಸುತ್ತಿ ಎಬ್ಬಿಸುವ ಕಸುಬುದಾರ ಇನ್ನೂ ಹುಟ್ಟಿಲ್ಲ. ಈ ದಿನ ನಾನು ಹೇಳಬಂದದ್ದು ಅವನ ವಿಷಯ.

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿಯ ಕಥೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಅಲ್ಲಿಂದ ನೂರು ವರ್ಷಕ್ಕೂ ಮಿಕ್ಕಿ ಗಿರಣಿಗೆ ಕರೆಂಟು ಬಂದದ್ದು ಬೀದಿಯ ಕಂಬದಿಂದ, ಅಂದರೆ ಒಂದೇ ಬಾಗಿಲಿನಿಂದ. ಹಿಡಿ ಕೆಳಗೆ ಎಳೆದರೆ ಯಂತ್ರ ಸತ್ತಂತೆ, ಮೇಲೆತ್ತಿದರೆ ಬದುಕಿದಂತೆ. ನಮ್ಮ ಹಿರಿಯರು ಕಲಿತದ್ದು ಅದು, ನಮಗೆ ಕಲಿಸಿದ್ದೂ ಅದೇ.

ಈಗ ಕಾಲ ಬದಲಾಗಿದೆ. ನಮ್ಮ ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಬಿಸಿಲಿನಿಂದ ವಿದ್ಯುತ್ ತೆಗೆಯುತ್ತಿದ್ದಾರೆ; ಅದರ ಸಾಮರ್ಥ್ಯ 2,050 ಮೆಗಾವಾಟ್. ಬರದ ಸೀಮೆಯ ಬಿಸಿಲು ಬೆಳಕಾಗುವುದು ಸಂತೋಷದ ವಿಷಯವೇ. ಕಲ್ಲಿದ್ದಲಿನ ಹೊಗೆ ಕಡಿಮೆಯಾಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಪಾವಗಡದಲ್ಲಿರುವ ಹಲಗೆಗಳೇ ಗಿರಣಿಗಳ ತಗಡಿನ ಮೇಲೂ ಏರುತ್ತಿವೆ. ಮೋಟಾರಿನ ವೇಗ ತಗ್ಗಿಸಿ ಯೂನಿಟ್ಟು ಉಳಿಸುವ ಡ್ರೈವ್ ಪೆಟ್ಟಿಗೆಗಳು ಗೋಡೆಗೆ ಬಂದಿವೆ. ಅಂಗಡಿಗಳಲ್ಲಿ ಬ್ಯಾಟರಿ, ಹಿತ್ತಲಿನಲ್ಲಿ ಡೀಸೆಲ್ ಜನರೇಟರು. ಒಂದು ಬಾಗಿಲಿದ್ದ ಮನೆಗೆ ಈಗ ನಾಲ್ಕು ಬಾಗಿಲು. ನಮ್ಮ ಅಭ್ಯಾಸ ಮಾತ್ರ ಒಂದೇ ಬಾಗಿಲಿನ ಕಾಲದ್ದು. ಅಪಾಯ ಇರುವುದು ಇಲ್ಲಿ.

ನನ್ನ ಕಣ್ಣೆದುರಿನ ಎರಡು ಸಂಗತಿ ಹೇಳುತ್ತೇನೆ. ಗಿರಣಿಗಳ ಹೆಸರು ಬೇಡ.

ಮೊದಲನೆಯದು ನನ್ನ ಪ್ರಾಯದ ದಿನಗಳದ್ದು. ಒಂದು ಎಣ್ಣೆ ಮಿಲ್ಲಿನಲ್ಲಿ ಮೈನ್ ಇಳಿಸಿ ಬೆಲ್ಟು ಸರಿಮಾಡುತ್ತಿದ್ದೆವು. ಊಟ ಮುಗಿಸಿ ಬಂದ ಇನ್ನೊಬ್ಬ, ಯಾರೋ ಮರೆತು ಇಳಿಸಿದ್ದಾರೆಂದು ಹಿಡಿ ಎತ್ತಿಬಿಟ್ಟ. ನನ್ನ ಜೊತೆಗಾರನ ಮೂರು ಬೆರಳು ಹೋದವು. ಎತ್ತಿದವನು ಕೆಟ್ಟವನಲ್ಲ, ಬಹಳ ದಿನ ಅನ್ನ ಬಿಟ್ಟು ಅತ್ತ. ಆ ಹಿಡಿಗೊಂದು ಬೀಗವಿದ್ದಿದ್ದರೆ ಮೂರು ಬೆರಳೂ ಉಳಿಯುತ್ತಿದ್ದವು, ಆ ಅಳುವೂ ತಪ್ಪುತ್ತಿತ್ತು.

ಎರಡನೆಯದು ಇತ್ತೀಚಿನದು. ಒಂದು ಅಕ್ಕಿ ಗಿರಣಿಯ ತಗಡಿನ ಮೇಲೆ ಸೋಲಾರ್ ತಂತಿಯನ್ನು ಇಲಿ ಕಡಿದಿತ್ತು. ಹುಡುಗನೊಬ್ಬ ಮೈನ್ ಇಳಿಸಿ, ಕಟ್ಟಿಂಗ್ ಪ್ಲೇಯರ್ ಹಿಡಿದು ಏಣಿ ಹತ್ತಿದ. ಮಧ್ಯಾಹ್ನ ಹನ್ನೆರಡು ಗಂಟೆ. ನಾನು ಕೆಳಗಿನಿಂದ ಕೂಗಿದೆ. "ಮೈನ್ ಇಳಿಸಿದ್ದೀನಲ್ಲ ಯಜಮಾನ್ರೆ" ಎಂದ. ಮೈನ್ ಇಳಿಸಿದ್ದು ನಿಜ. ಸೂರ್ಯನನ್ನು ಇಳಿಸಿದವರು ಯಾರು? ಮೀಟರು ಇಟ್ಟು ನೋಡಿದಾಗ ಆ ತಂತಿಯಲ್ಲಿ ಆರುನೂರಕ್ಕೂ ಹೆಚ್ಚು ವೋಲ್ಟು ಇತ್ತು. ಹುಡುಗನ ಮುಖ ಬಿಳಿಚಿಕೊಂಡಿತು.

ಇದನ್ನು ಎಲ್ಲರೂ ಚೆನ್ನಾಗಿ ತಿಳಿಯಬೇಕು. ಬಿಸಿಲು ಬಿದ್ದಷ್ಟು ಹೊತ್ತೂ ಹಲಗೆಯ ತಂತಿ ಜೀವಂತ. ಕೆಳಗಿನ ಯಾವ ಸ್ವಿಚ್ಚೂ ಹಲಗೆಯನ್ನು ಕೊಲ್ಲಲಾರದು. ಮೇಲಾಗಿ ಅದು ನೇರ ಕರೆಂಟು, ಡಿ.ಸಿ. ಲೈನಿನ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಕಿಡಿ ಹತ್ತಿದರೂ ಆರಲು ಎಡೆಯುಂಟು. ಡಿ.ಸಿ.ಗೆ ಆ ಬಿಡುವಿಲ್ಲ, ಹತ್ತಿದ ಕಿಡಿ ಉರಿಯುತ್ತಲೇ ನಿಲ್ಲುತ್ತದೆ. ಕೆಲಸ ನಡೆದಿರುವಾಗ ಅದರ ಕನೆಕ್ಟರು ಎಳೆಯಬಾರದು. ಅದಕ್ಕೆಂದೇ ಮಾಡಿದ ಡಿ.ಸಿ. ಸ್ವಿಚ್ಚು ಇಳಿಸಬೇಕು, ಆ ಕೆಲಸ ಕಲಿತವರೇ ಏರಬೇಕು.

ಡ್ರೈವ್ ಪೆಟ್ಟಿಗೆಯ ಕಥೆಯೂ ಹೀಗೆಯೇ. ಅದರ ಒಳಗಿನ ಕೆಪ್ಯಾಸಿಟರು ಮೈನ್ ಹೋದ ಮೇಲೂ ಕರೆಂಟನ್ನು ಕೂಡಿಟ್ಟುಕೊಂಡಿರುತ್ತದೆ. ಇಷ್ಟು ನಿಮಿಷ ಕಾಯಿರಿ ಎಂದು ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಬರೆದದ್ದು ಇಂಗ್ಲಿಷಿನಲ್ಲಿ, ಬಿಚ್ಚುವವನು ಓದುವುದು ಕನ್ನಡ. ಆ ಒಂದು ಸಾಲನ್ನು ಕನ್ನಡದಲ್ಲಿ ಬರೆದು ಅಂಟಿಸಲು ಯಾವ ಯಜಮಾನನಿಗೆ ತಾನೆ ನಷ್ಟ?

ಜನರೇಟರಿನ ವಿಷಯ ನಮ್ಮ ಗೋಡೆ ದಾಟಿ ಹೋಗುತ್ತದೆ. ಲೈನು ಹೋದಾಗ ಚೇಂಜೋವರ್ ಸ್ವಿಚ್ಚಿಲ್ಲದೆ ಜನರೇಟರನ್ನು ಹೇಗೋ ಸಿಕ್ಕಿಸಿದರೆ, ಕರೆಂಟು ಹಿಂದಕ್ಕೆ ಹರಿದು ಕಂಬ ಸೇರುತ್ತದೆ. ಟ್ರಾನ್ಸ್‌ಫಾರ್ಮರು ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಗತಿಯೇನು? ಅವನೂ ನಮ್ಮ ಹಾಗೆ ಮಕ್ಕಳೊಂದಿಗ. ಅಂಗಡಿಯ ದೀಪಕ್ಕಾಗಿ ಇನ್ನೊಬ್ಬನ ಮನೆಯ ದೀಪ ಆರಿಸಬಾರದು.

ಇನ್ನು ಯಂತ್ರವನ್ನು ನೋಡಿಕೊಳ್ಳುವ ಬಗೆ. ಸಿದ್ಧಗಂಗೆಯ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಮನೆಗೆ ತಂದ ಮೇಲೂ ಮೇವು ಬಿಟ್ಟಿತೆ, ಕುಂಟುತ್ತಿದೆಯೆ ಎಂದು ದಿನವೂ ಕಣ್ಣಿಡುತ್ತೇವೆ. ಎತ್ತಿಗಿಂತ ಬೆಲೆಯಾದ ಮೋಟಾರನ್ನು ಮಾತ್ರ ಹೊಗೆ ಬರುವವರೆಗೆ ತಿರುಗಿ ನೋಡುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು?

ನನ್ನ ಬಳಿಗೆ ಬಂದ ಸುಟ್ಟ ಮೋಟಾರುಗಳಲ್ಲಿ ಎಷ್ಟೋ ಒಂದು ಫೇಸು ತಪ್ಪಿ ಸುಟ್ಟವು. ಮೂರು ಫೇಸಿನ ಮೋಟಾರು ಓಡುವಾಗ ಒಂದು ಫ್ಯೂಸು ಹೋದರೂ ನಿಲ್ಲುವುದಿಲ್ಲ; ಗುಂಯ್‌ಗುಟ್ಟುತ್ತ ಉಳಿದೆರಡರ ಮೇಲೆ ಹೊರೆ ಹೊತ್ತು ಓಡಿ ಸಾಯುತ್ತದೆ. ಅದನ್ನು ತಡೆಯುವ ಸಣ್ಣ ರಿಲೇ ಸಿಗುತ್ತದೆ. ಆದರೆ ಅದು ಪದೇಪದೇ ಬೀಳುತ್ತದೆಂದು ಎಷ್ಟೋ ಕಡೆ ಅದನ್ನೇ ಕಟ್ಟಿಹಾಕಿರುತ್ತಾರೆ! ನಾಯಿ ಬೊಗಳುತ್ತದೆಂದು ನಾಯಿಯನ್ನೇ ಕೊಂದು ಬಾಗಿಲು ತೆರೆದು ಮಲಗಿದ ಹಾಗೆ.

ಎರಡನೆಯ ಶತ್ರು ಶಾಖ. ಮೋಟಾರು ತಾಳಬೇಕಾದ ಶಾಖ ಮೀರಿ 10 ಡಿಗ್ರಿ ಏರಿದರೆ ಒಳಗಿನ ಹೊದಿಕೆಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತೌಡು, ಹಿಟ್ಟು, ಹೊಟ್ಟು ಮೈಗೆ ಮೆತ್ತಿಕೊಂಡರೆ ಶಾಖ ಹೊರಗೆ ಹೋಗುವುದೆಲ್ಲಿಂದ? ವಾರಕ್ಕೊಮ್ಮೆ, ಮೈನ್ ಇಳಿಸಿ ಬೀಗ ಹಾಕಿ, ಆ ಧೂಳು ತೆಗೆಯಿರಿ. ದೂರದಿಂದಲೇ ಶಾಖ ಹೇಳುವ, ಪಿಸ್ತೂಲಿನಂಥ ಮೀಟರು ಈಗ ದೊರೆಯುತ್ತದೆ. ನಾಲ್ಕು ಗಿರಣಿಯವರು ಸೇರಿ ಒಂದು ಕೊಂಡರೂ ಸಾಕು.

ಮೂರನೆಯದು ಮೆಗ್ಗರ್. ಒಳಗಿನ ಹೊದಿಕೆ ಗಟ್ಟಿಯಿದೆಯೆ ಎಂದು ಅದು ಹೇಳುತ್ತದೆ. ಒಂದು ದಿನದ ಅಂಕಿಗಿಂತ ಅಂಕಿಗಳ ಸಾಲು ಮುಖ್ಯ. ಹೋದ ತಿಂಗಳು ಐವತ್ತಿದ್ದದ್ದು ಈ ತಿಂಗಳು ಇಪ್ಪತ್ತಾದರೆ, ಮುಂದಿನ ಮಳೆಗಾಲಕ್ಕೆ ಏನಾಗುತ್ತದೆಂದು ನನ್ನನ್ನು ಕೇಳಬೇಕಾಗಿಲ್ಲ. ಒಂದು ಎಚ್ಚರಿಕೆ: ಡ್ರೈವ್ ಇರುವ ಕಡೆ ಅದರ ತಂತಿ ಬಿಡಿಸಿಯೇ ಮೋಟಾರಿಗೆ ಮೆಗ್ಗರ್ ಹಿಡಿಯಬೇಕು, ಇಲ್ಲದಿದ್ದರೆ ಡ್ರೈವ್ ಸುಟ್ಟೀತು. ಡ್ರೈವ್ ಹಾಕಿದ ಮೋಟಾರಿನ ಬೇರಿಂಗಿನ ಸದ್ದಿಗೂ ಕಿವಿ ಕೊಡಿ. ಅಲ್ಲಿ ಶಾಫ್ಟಿನ ಮೂಲಕ ಸಣ್ಣ ಕರೆಂಟು ಹರಿದು ಬೇರಿಂಗಿನಲ್ಲಿ ಗೆರೆ ಕೊರೆಯುವುದುಂಟು. ಗ್ರೀಸು ತುಂಬಿದರೆ ಆ ರೋಗ ವಾಸಿಯಾಗದು, ಅರ್ಥಿಂಗನ್ನೂ ನೋಡಬೇಕು.

ಕಾನೂನು ಇಲ್ಲವೆ ಎಂದು ಕೇಳುವಿರಿ. ಉಂಟು. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವಲ್ಲಿ 10 ಜನ ದುಡಿದರೆ ಕಾರ್ಖಾನೆ ಎಂದು ಎಣಿಸುತ್ತಿತ್ತು. ಭೋಪಾಲದ ದುರಂತ ನಡೆದದ್ದು 1984ರಲ್ಲಿ; ಅದಾದ ಮೇಲೆ, 1987ರಲ್ಲಿ, ಪ್ರಾಣಾಪಾಯ ಕಂಡ ಕೆಲಸಗಾರ ಯಜಮಾನನಿಗೂ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನು ಅದೇ ಕಾಯಿದೆಗೆ ಸೇರಿಸಿದರು. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಅಪಾಯ ತಿಳಿಸುವ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ಕಾರ್ಖಾನೆ ಎನ್ನಿಸಿಕೊಳ್ಳಲು ಈಗ 20 ಜನ ಬೇಕು. ಹನ್ನೆರಡು ಜನ, ಹದಿನೈದು ಜನ ದುಡಿಯುವ ಗಿರಣಿ ಆ ಹೆಸರಿನಿಂದ ಹೊರಗುಳಿಯಿತು. ಕರೆಂಟಿಗೆ ಮಾತ್ರ ತಲೆ ಎಣಿಸುವ ಪದ್ಧತಿ ಇಲ್ಲ. ಹತ್ತೊಂಬತ್ತನೆಯವನನ್ನೂ ಇಪ್ಪತ್ತನೆಯವನನ್ನೂ ಅದು ಒಂದೇ ಸಮ ಹಿಡಿಯುತ್ತದೆ. ಕಾನೂನು ಕೈಬಿಟ್ಟ ಕಡೆ ನಾವು ನಾವೇ ಕೈಹಿಡಿಯಬೇಕು.

ಆದ್ದರಿಂದ ಕೆಲಸಗಾರ ಬಂಧುಗಳು ಒಟ್ಟಾಗಿ ನಾಲ್ಕನ್ನು ಕೇಳಿರಿ. ಯಂತ್ರಕ್ಕೆ ಕೈಹಾಕುವವನ ಹೆಸರಿನಲ್ಲಿ ಒಂದು ಬೀಗ. ಅದರ ಕೀಲಿ ಅವನ ಜೇಬಿನಲ್ಲೇ ಇರಬೇಕು. ಮುಟ್ಟುವ ಮೊದಲು ಪರೀಕ್ಷಿಸಲು ಒಂದು ಒಳ್ಳೆಯ ಮೀಟರು. ಪ್ರತಿ ಮೋಟಾರಿನ ಶಾಖ, ಸದ್ದು, ಮೆಗ್ಗರ್ ಅಂಕಿ ಬರೆದಿಡಲು ಒಂದು ಪುಸ್ತಕ. ಇವಕ್ಕೆಲ್ಲ ವಾರಕ್ಕೊಂದು ಗಂಟೆ, ಸಂಬಳ ಸಹಿತ.

ಸಣ್ಣ ಯಜಮಾನರಿಗೂ ಒಂದು ಮಾತು. ನಿಮ್ಮ ಕಷ್ಟ ನಾನು ಬಲ್ಲೆ. ಬಡ್ಡಿ, ಬಾಡಿಗೆ, ಕರೆಂಟಿನ ಬಿಲ್ಲು ಮೂರೂ ಒಂದೇ ವಾರದಲ್ಲಿ ಬಾಗಿಲು ಬಡಿಯುತ್ತವೆ. ಆದರೂ ಲೆಕ್ಕ ಹಾಕಿ ನೋಡಿ. ಈ ನಾಲ್ಕರ ಖರ್ಚು ಒಂದು ದೊಡ್ಡ ಮೋಟಾರು ಸುತ್ತಿಸುವ ಕೂಲಿಯಷ್ಟೂ ಆಗಲಾರದು. ಇದನ್ನು ಹೇಳಿ ನನ್ನ ಕಸುಬಿನವರ ಗಿರಾಕಿಯನ್ನೇ ನಾನು ಕೆಡಿಸುತ್ತಿದ್ದೇನೆ, ನಂಬಿ.

ನಾಳೆ ಬೆಳಗ್ಗೆ ಗಿರಣಿಗೆ ಹೋದೊಡನೆ ಒಂದು ಕೆಲಸ ಮಾಡಿ. ಕರೆಂಟು ನಮ್ಮ ಗಿರಣಿಗೆ ಎಷ್ಟು ಬಾಗಿಲಿನಿಂದ ಬರುತ್ತದೆ ಎಂದು ಎಣಿಸಿ, ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಿರಿ. ಅಷ್ಟನ್ನೂ ಮುಚ್ಚಿ, ಬೀಗ ಹಾಕಿ, ಮೀಟರು ಇಟ್ಟು ನೋಡುವವರೆಗೆ ಯಾರು ಅವಸರ ಮಾಡಿದರೂ ಕೈಹಾಕಬೇಡಿ. ನನ್ನ ಜೊತೆಗಾರ ಇಂದಿಗೂ ಎಡಗೈಯಲ್ಲೇ ಉಣ್ಣುತ್ತಾನೆ. ನಿಮ್ಮಲ್ಲಿ ಯಾರಿಗೂ ಆ ಗತಿ ಬರಬಾರದು.