ಪಾರ್ಲಿಮೆಂಟಿನ ಪ್ರಶ್ನೆಯೂ ಕಾರಖಾನೆಯ ಕೆಲಸಗಾರನೂ

(ಸಂಘದ ಉಚಿತ ವಾಚನಾಲಯದಲ್ಲಿ ಶನಿವಾರ ಸಂಜೆ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಪತ್ರಿಕೆ ಓದುವವರನ್ನು ನಾನು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಊರಿನ ಸುದ್ದಿ, ಮಳೆ ಬೆಳೆ, ಆಟದ ಪುಟ, ಇವನ್ನು ಎಲ್ಲರೂ ಓದುತ್ತಾರೆ. ಲೋಕಸಭೆಯ ಅಧಿವೇಶನ ನಡೆದಾಗ ಒಳಪುಟದ ಮೂಲೆಯಲ್ಲಿ ‘ಪ್ರಶ್ನೆಯೊಂದಕ್ಕೆ ಮಂತ್ರಿಗಳು ಲಿಖಿತ ಉತ್ತರ ಕೊಟ್ಟರು’ ಎಂದು ನಾಲ್ಕು ಸಾಲು ಬರುತ್ತವಲ್ಲ, ಅವನ್ನು ಮಾತ್ರ ಓದುವವರು ಕಡಿಮೆ. ಇಂದು ಆ ನಾಲ್ಕು ಸಾಲುಗಳ ವಿಷಯವಾಗಿಯೇ ತಮ್ಮ ಮುಂದೆ ಕೆಲವು ಮಾತು ಆಡಬೇಕೆಂದಿದ್ದೇನೆ. ಖಡಕಿಯಲ್ಲಿ ದುಡಿಯುವ ನಮಗೆ ಅವುಗಳಿಂದ ಬಹಳ ಸಂಬಂಧವಿದೆ.

ಮಂತ್ರಿಯನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ಪದ್ಧತಿ ಇಂಗ್ಲಂಡಿನಿಂದ ನಮಗೆ ಬಂದದ್ದು. ಅಲ್ಲಿ ದಾಖಲೆಯಲ್ಲಿರುವ ಮೊದಲ ಪ್ರಶ್ನೆ 1721ರದು. ಸೌತ್ ಸೀ ಎಂಬ ಕಂಪನಿ ದಿವಾಳಿಯ ದಾರಿ ಹಿಡಿದಿತ್ತು, ಅದರ ಖಜಾಂಚಿ ಊರು ಬಿಟ್ಟು ಓಡಿದ್ದ. ಅವನು ಬ್ರಸೆಲ್ಸಿನಲ್ಲಿ ಸಿಕ್ಕಿಬಿದ್ದದ್ದು ನಿಜವೇ ಎಂದು ಪ್ರಭುಗಳ ಸಭೆಯಲ್ಲಿ ಒಬ್ಬರು ಕೇಳಿದರು. ನೋಡಿರಿ, ಮೊದಲ ಪ್ರಶ್ನೆಯೇ ಜನರ ದುಡ್ಡು ಎಲ್ಲಿ ಹೋಯಿತು ಎಂಬುದಕ್ಕೆ ಸೇರಿದ್ದು!

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಈ ಪದ್ಧತಿಗೆ ಒಂದು ಹೊಸ ತೊಡಕು ಬಂತು. ಟಪಾಲು ಮತ್ತು ತಂತಿ ಸರಕಾರದ ಖಾತೆಯಾಗಿದ್ದವು. ಆದ್ದರಿಂದ ಒಂದು ಹಳ್ಳಿಗೆ ಕಾಗದ ತಡವಾಗಿ ಬಂದರೂ ಸದಸ್ಯನು ಎದ್ದು ಕೇಳಬಹುದಾಗಿತ್ತು, ಪೋಸ್ಟ್‌ಮಾಸ್ಟರ್ ಜನರಲ್ ಎಂಬ ಮಂತ್ರಿ ಉತ್ತರ ಕೊಡಲೇಬೇಕಾಗಿತ್ತು. ಮುಂದೆ ಪ್ರಧಾನಿಯಾದ ಅಟ್ಲಿಯವರೂ 1931ರಲ್ಲಿ ಕೆಲವು ತಿಂಗಳು ಆ ಹುದ್ದೆಯಲ್ಲಿದ್ದವರೇ. ಆದರೆ ಹೊಸದಾಗಿ ಹುಟ್ಟಿದ ಸೇವೆಗಳನ್ನು ಖಾತೆಯ ಕೈಗೆ ಕೊಡದೆ ಸ್ವತಂತ್ರ ಮಂಡಲಗಳ ಕೈಗೆ ಕೊಟ್ಟರು. ವಿದ್ಯುತ್ತಿಗೆ 1926ರ ಕಾಯ್ದೆಯಿಂದ ಒಂದು ಮಂಡಲ. ರೇಡಿಯೋಕ್ಕೆ 1927ರಿಂದ ಬಿ.ಬಿ.ಸಿ. ಕಾರ್ಪೊರೇಶನ್, ಲಂಡನ್ನಿನ ಬಸ್ಸು, ಟ್ರಾಮು, ಭೂಗತ ರೇಲ್ವೆಗಳಿಗೆ 1933ರಲ್ಲಿ ಇನ್ನೊಂದು ಮಂಡಲ. ದಿನದಿನದ ಕೆಲಸದಲ್ಲಿ ರಾಜಕಾರಣ ತಲೆಹಾಕಬಾರದು, ಬಲ್ಲವರು ನಡೆಸಲಿ ಎಂಬುದು ಇದರ ಉದ್ದೇಶ. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ವಿದ್ಯುತ್ ಮಂಡಲವು ಕೆಲವೇ ವರ್ಷಗಳಲ್ಲಿ ದೇಶದ ತುಂಬ ತಂತಿಯ ಜಾಲ ಕಟ್ಟಿ ತೋರಿಸಿತು. ಆದರೆ ಸಭೆಯಲ್ಲಿ ಪ್ರಶ್ನೆ ಬಂದಾಗ ಮಂತ್ರಿಗೆ ಒಂದು ಹೊಸ ಉತ್ತರ ಸಿಕ್ಕಿತು: ‘ಇದು ಮಂಡಲಕ್ಕೆ ಸೇರಿದ ವಿಷಯ, ನನ್ನ ಹೊಣೆಯಲ್ಲ.’

ಈ ಗೋಡೆ ಎಷ್ಟು ಗಟ್ಟಿ ಎಂಬುದು 1935ರಲ್ಲಿ ಗೊತ್ತಾಯಿತು. ಆಗ ಇಂಗ್ಲಂಡಿನಲ್ಲಿ ಕೆಲಸವಿಲ್ಲದವರು ಲಕ್ಷಗಟ್ಟಲೆ ಇದ್ದರು. ಅವರಿಗೆ ಕೊಡುವ ಸಹಾಯಧನವನ್ನು 1934ರ ಕಾಯ್ದೆಯ ಪ್ರಕಾರ ಒಂದು ಮಂಡಲಕ್ಕೆ ವಹಿಸಿದರು. ಒಬ್ಬೊಬ್ಬ ಬಡವನ ಲೆಕ್ಕವನ್ನು ಪಾರ್ಲಿಮೆಂಟಿನಲ್ಲಿ ಎತ್ತಿ ಆಡುವುದು ತಪ್ಪಬೇಕು ಎಂಬುದೂ ಅದರಲ್ಲಿ ಒಂದು ಹೇತುವಾಗಿತ್ತು. 1935ರ ಜನವರಿಯಲ್ಲಿ ಮಂಡಲದ ಹೊಸ ದರಗಳು ಜಾರಿಗೆ ಬಂದವು. ಮನೆಯಲ್ಲಿ ಮಗನೋ ಮಗಳೋ ದುಡಿಯುತ್ತಿದ್ದರೆ ಅದನ್ನೂ ಎಣಿಸಿ ತಂದೆಯ ಹಣ ಕಡಿಮೆ ಮಾಡಿದರು. ಎಷ್ಟೋ ಮನೆಗಳಲ್ಲಿ ಮೊದಲು ಬರುತ್ತಿದ್ದುದಕ್ಕಿಂತ ಕಡಿಮೆ ಬಂತು. ದಕ್ಷಿಣ ವೇಲ್ಸಿನ ಗಣಿಯೂರುಗಳಲ್ಲಿ ಜನ ಬೀದಿಗಿಳಿದರು. ಅಲ್ಲಿಂದ ಆರಿಸಿ ಬಂದ ಸದಸ್ಯರ ಕೈಗೆ ಕಾಗದಗಳು ರಾಶಿಯಾಗಿ ಬಂದವು: ಇಂಥ ಮನೆ, ಇಷ್ಟು ಮಕ್ಕಳು, ಹಿಂದೆ ಇಷ್ಟು ಸಿಗುತ್ತಿತ್ತು, ಈಗ ಇಷ್ಟು. ತಾನೇ ಗಣಿಯಲ್ಲಿ ದುಡಿದು ಬಂದ ಅನೂರಿನ್ ಬೆವನ್ ಅವರಂಥವರು ಆ ಸಭೆಯಲ್ಲಿದ್ದರು. ಹೊಣೆ ಮಂಡಲದ್ದೆಂದು ಮಂತ್ರಿಗೆ ಹೇಳಿ ಕೂಡ್ರಲಾಗಲಿಲ್ಲ. ಫೆಬ್ರುವರಿ 5ರಂದು ಮಜೂರಿ ಮಂತ್ರಿ ಆಲಿವರ್ ಸ್ಟ್ಯಾನ್ಲಿ ಎದ್ದುನಿಂತು, ಹಳೆಯ ದರ ಹೊಸ ದರಗಳಲ್ಲಿ ಯಾವುದು ಹೆಚ್ಚೋ ಅದೇ ಸಿಗುವುದೆಂದು ಸಾರಿದರು. ಒಂದೇ ತಿಂಗಳಲ್ಲಿ ಗೋಡೆ ಬಿರುಕು ಬಿಟ್ಟಿತು. ಬೀದಿಯ ಕೂಗು ಮತ್ತು ಸಭೆಯ ಲೆಕ್ಕ ಎರಡೂ ಕೂಡಿದ್ದರಿಂದ ಇದಾಯಿತು.

ಪ್ರತಿಸಲ ಹೀಗೆಯೇ ಆಗುತ್ತದೆಂದು ಯಾರೂ ತಿಳಿಯಬಾರದು. 1936ರಲ್ಲಿ ಜಾರೋ ಎಂಬ ಊರಿನ ಸುಮಾರು 200 ಜನ, ಹಡಗು ಕಟ್ಟುವ ಕಾರಖಾನೆ ಮುಚ್ಚಿ ಕೆಲಸ ಹೋದವರು, ಲಂಡನ್ನಿನವರೆಗೆ ನಡೆದುಹೋದರು. ಅವರ ಸದಸ್ಯೆ ಎಲೆನ್ ವಿಲ್ಕಿನ್ಸನ್ ಅವರ ಅರ್ಜಿಯನ್ನು ಸಭೆಗೆ ಒಪ್ಪಿಸಿದರು. ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತಿದೆ ಎಂಬರ್ಥದ ಉತ್ತರ ಬಂತು, ಅಷ್ಟೇ. ಆ ಜನ ಕೇಳಿದ್ದ ಕೆಲಸ ಬರಲಿಲ್ಲ. ಪ್ರಶ್ನೆ ಎಂಬುದು ಕೀಲಿಕೈ. ಒಳಗೆ ಧಾನ್ಯವೇ ಇಲ್ಲದಿದ್ದರೆ ಕಣಜ ತೆರೆದು ಏನು ಮಾಡುವುದು?

ಅದೇ ಕಾಲದಲ್ಲಿ ನಮ್ಮ ಪರವಾಗಿ ಕೇಳುವವರು ಇದ್ದರೇ? ಇದ್ದರು. ಮುಂಬಯಿಯಲ್ಲಿ ಹುಟ್ಟಿದ ಪಾರಸಿ ಗೃಹಸ್ಥರು ಶಾಪುರ್ಜಿ ಸಕ್ಲಾತ್‌ವಾಲಾ. ಟಾಟಾ ಮನೆತನದ ಸಂಬಂಧಿಕರು. ಆದರೂ ಕೂಲಿಕಾರರ ಪಕ್ಷ ಹಿಡಿದು, ಲಂಡನ್ನಿನ ಬ್ಯಾಟರ್ಸಿ ಭಾಗದ ಕೆಲಸಗಾರರ ಮತದಿಂದ 1922ರಲ್ಲಿ ಪಾರ್ಲಿಮೆಂಟಿಗೆ ಹೋದರು. ಮತ್ತೆ 1924ರಿಂದ 1929ರವರೆಗೆ ಅಲ್ಲಿದ್ದರು. ಹಿಂದುಸ್ತಾನದ ಗಿರಣಿ ಗಣಿಗಳ ಮಜೂರರ ಪಾಡನ್ನು ಆ ಸಭೆಯ ಕಿವಿಗೆ ಮತ್ತೆ ಮತ್ತೆ ಹಾಕಿದರು.

ದಿಲ್ಲಿಯಲ್ಲಿ ಆ ಕೆಲಸ ಮಾಡಿದವರು ನಮ್ಮ ಪುಣೆಯ ಭಾರತ ಸೇವಕ ಸಮಾಜದ ನಾರಾಯಣ ಮಲ್ಹಾರ ಜೋಶಿಯವರು. 1921ರಿಂದ ಕೇಂದ್ರ ಶಾಸನಸಭೆಯಲ್ಲಿ ಮಜೂರರ ಪ್ರತಿನಿಧಿಯಾಗಿ ಕೂತರು. ಅಬ್ಬರದ ಭಾಷಣ ಅವರದಲ್ಲ. ರೇಲ್ವೆ ನೌಕರರು, ಗಣಿಯ ಹೆಂಗಸರು, ಹಡಗಿನ ಖಲಾಸಿಗಳು, ಇವರ ಬಗ್ಗೆ ಅಂಕಿ ಅಂಶ ಕೂಡಿಸಿ ವರ್ಷಾನುಗಟ್ಟಲೆ ಕೇಳುತ್ತ ಹೋದರು. ಅವರು 1921ರಲ್ಲಿ ತಂದ ಠರಾವಿನಿಂದ ಹೊರಟ ದಾರಿ 1926ರ ಟ್ರೇಡ್ ಯೂನಿಯನ್ ಕಾಯ್ದೆಗೆ ಮುಟ್ಟಿತು.

ನಮ್ಮ ಖಡಕಿ ಸ್ಟೇಷನ್ನಿನ ಮೇಲೆ ಹಾಯ್ದುಹೋಗುವ ಜಿ.ಐ.ಪಿ. ರೇಲ್ವೆ 1925ರ ಜುಲೈ 1ರಂದು ಸರಕಾರದ ಆಡಳಿತಕ್ಕೆ ಬಂತು. ಹುಬ್ಬಳ್ಳಿಯ ವರ್ಕ್‌ಶಾಪು ಇದ್ದ ಎಂ.ಎಸ್.ಎಂ. ರೇಲ್ವೆ ಮಾತ್ರ 1944ರವರೆಗೆ ಕಂಪನಿಯ ಕೈಯಲ್ಲೇ ಉಳಿಯಿತು. ದಿಲ್ಲಿಯಲ್ಲಿ ಇಂಥ ವಿಷಯ ಕೇಳಿದರೆ, ಪ್ರಶ್ನೆಯ ಪ್ರತಿಯನ್ನು ರೇಲ್ವೆಯ ಏಜಂಟರಿಗೆ ಕಳಿಸಿದ್ದೇವೆ ಎಂಬ ಉತ್ತರ ಆಗಾಗ ಬರುತ್ತಿತ್ತು. ಇನ್ನು ಮೈಸೂರು ಸಂಸ್ಥಾನದ ಕನ್ನಡಿಗನಿಗೆ ಆ ಬಾಗಿಲೂ ಇರಲಿಲ್ಲ. ಸಂಸ್ಥಾನಗಳ ಆಡಳಿತದ ಬಗ್ಗೆ ಕೇಂದ್ರ ಸಭೆಯಲ್ಲಿ ಪ್ರಶ್ನೆ ಕೇಳಬಾರದೆಂದು ನಿಯಮವೇ ಇತ್ತು. ಅವನು 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಗೆ, ದಸರೆಯ ಕಾಲಕ್ಕೆ, ತನ್ನ ಅಹವಾಲು ಮುಟ್ಟಿಸಬೇಕಾಗಿತ್ತು.

ಇಲ್ಲಿ ಇನ್ನೊಂದು ಹೆಸರು ಹೇಳಬೇಕು. 1921ರಿಂದ 1928ರವರೆಗೆ ಇಂಗ್ಲಂಡಿನ ಕಾಮನ್ಸ್ ಸಭೆಯಲ್ಲಿ ಸಭಾಪತಿಯಾಗಿ ಕೂತು ಆ ಸಾವಿರಾರು ಪ್ರಶ್ನೆಗಳನ್ನು ಕೇಳಿಸಿಕೊಂಡವರು ವ್ಹಿಟ್ಲಿ ಸಾಹೇಬರು. ಅವರೇ 1929ರಲ್ಲಿ ನಮ್ಮ ದೇಶದ ಮಜೂರರ ಸ್ಥಿತಿ ವಿಚಾರಿಸುವ ರಾಯಲ್ ಕಮಿಶನ್ನಿಗೆ ಅಧ್ಯಕ್ಷರಾಗಿ ಬಂದರು. ಜೋಶಿಯವರೂ ಅದರ ಸದಸ್ಯರು. 1931ರ ಆ ವರದಿಯ ಫಲವಾಗಿ ಪಗಾರ ಇಂತಿಷ್ಟು ದಿನದೊಳಗೆ ಆಗಬೇಕು, ಮನಸ್ಸಿಗೆ ಬಂದಂತೆ ದಂಡ ಮುರಿದುಕೊಳ್ಳಬಾರದು ಎಂಬ 1936ರ ಕಾಯ್ದೆ ಬಂತು. ಏಳನೆಯ ತಾರೀಖು, ಹತ್ತನೆಯ ತಾರೀಖು ಎಂದು ನಮ್ಮ ಹಿರಿಯರು ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದರಲ್ಲ, ಅದರ ಮೂಲ ಇದು. ಸರಕಾರಿ ನೌಕರರೂ ಅಧಿಕಾರಿಗಳೂ ಒಂದೇ ಮೇಜಿನ ಸುತ್ತ ಕೂತು ಮಾತಾಡುವ ವ್ಹಿಟ್ಲಿ ಕೌನ್ಸಿಲು ಎಂಬುದೂ ಅವರ ಹೆಸರಿನದೇ. ಅದೇ ಮಾದರಿಯಲ್ಲಿ ನಮ್ಮಲ್ಲಿ 1966ರಲ್ಲಿ ಜೆ.ಸಿ.ಎಂ. ಹುಟ್ಟಿತು.

ಇನ್ನು ನನ್ನದೇ ಒಂದು ಮಾತು. ಸುಮಾರು ಮೂವತ್ತೈದು ವರ್ಷಗಳ ಹಿಂದೆ ನಾನೊಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿರಿ. ವಿಜಾಪುರದ ಕಡೆಯ ಒಬ್ಬ ಹಿರಿಯ ಕೆಲಸಗಾರ ನಿವೃತ್ತನಾಗಿ, ಬರಬೇಕಾದ ಬಾಕಿಗಾಗಿ ತಿಂಗಳಿಗೊಮ್ಮೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ. ‘ರಾಯರ, ನನ್ನ ಕಾಗದ ಎಲ್ಲಿಗೆ ಬಂತ್ರಿ?’ ಎಂದು ಕೇಳುತ್ತಿದ್ದ. ‘ಮೇಲೆ ಹೋಗೇದ ಕಾಕಾ’ ಎಂದು ನಾನು ಹೇಳುತ್ತಿದ್ದೆ. ಅದು ಮೇಲೆ ಹೋಗಿರಲಿಲ್ಲ. ಎಲ್ಲಿದೆ ಎಂಬುದು ನನಗೂ ಗೊತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಆತ ಬರುವುದು ನಿಂತಿತು.

ಒಂದು ದಿನ ದಿಲ್ಲಿಯಿಂದ ತುರ್ತು ಚೀಟಿ ಬಂತು: ಲೋಕಸಭೆಯ ಪ್ರಶ್ನೆ. ನಿವೃತ್ತರ ಬಾಕಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನಿಂತ ಪ್ರಕರಣಗಳು ಎಷ್ಟು, ಕಾರಣವೇನು? ಎಣಿಸಲೇಬೇಕಾಯಿತು. ಕಪಾಟುಗಳೆಲ್ಲ ಕೆಳಗಿಳಿದವು. ಆತನ ಫೈಲು ಇನ್ನೊಬ್ಬರ ಕಟ್ಟಿನೊಳಗೆ ಸಿಕ್ಕಿತು. ನಾಲ್ಕು ದಿನ ದೀಪ ಹಚ್ಚಿಕೊಂಡು ಕೂತು ಎಲ್ಲ ಪ್ರಕರಣಗಳಿಗೂ ಮಂಜೂರಿ ಹೊರಡಿಸಿದೆವು. ಆಮೇಲೆ ನನ್ನ ಕೈಯಿಂದಲೇ ಕರಡು ಬರೆಸಿದರು: ‘ಅಂಥ ಪ್ರಕರಣಗಳು ಇಲ್ಲ.’ ಬರೆದ ದಿನ ಅದು ಸತ್ಯವೇ ಆಗಿತ್ತು. ನಾಲ್ಕು ದಿನದ ಹಿಂದೆ ಆಗಿರಲಿಲ್ಲ. ಕೇಳಿದ ಸದಸ್ಯರು ಸಮಾಧಾನಪಟ್ಟರೋ, ಪ್ರಶ್ನೆ ವ್ಯರ್ಥವಾಯಿತೆಂದುಕೊಂಡರೋ, ತಿಳಿಯದು. ತಿಂಗಳ ಮೇಲೆ ಹಣ ಮುಟ್ಟಿದ ಪಾವತಿ ತಿರುಗಿ ಬಂತು. ಅದರ ಮೇಲೆ ಆತನ ಸಹಿ ಇರಲಿಲ್ಲ. ಹೆಂಡತಿಯ ಹೆಬ್ಬೆಟ್ಟು ಇತ್ತು.

ಆ ಹೆಬ್ಬೆಟ್ಟು ನನಗೆ ಎರಡು ಪಾಠ ಕಲಿಸಿತು. ಒಳ್ಳೆಯ ಪ್ರಶ್ನೆಯ ಕೆಲಸ ಬಹುಪಾಲು ಉತ್ತರ ಓದುವ ಮೊದಲೇ, ಕಪಾಟು ತೆಗೆಯುವ ಹೊತ್ತಿಗೇ ಆಗಿರುತ್ತದೆ. ಎರಡನೆಯದು, ಪ್ರಶ್ನೆ ಒಂದು ವರ್ಷ ಮೊದಲೇ ಹೋಗಿದ್ದರೆ ಆ ಸಹಿ ಆತನದೇ ಆಗಿರುತ್ತಿತ್ತು. ಅದನ್ನು ಕಳಿಸಬೇಕಾದವರು ನಾವು, ದಿಲ್ಲಿಯವರಲ್ಲ.

ಈಗ ಖಡಕಿಯ ಮಾತಿಗೆ ಬರೋಣ. ಇಲ್ಲಿಯ ಮದ್ದುಗುಂಡಿನ ಕಾರಖಾನೆ 1869ರದು, ಹೈ ಎಕ್ಸ್‌ಪ್ಲೋಸಿವ್ಸ್ ಕಾರಖಾನೆ 1940ರದು. ಬಹುಕಾಲ ಇವು ನೇರವಾಗಿ ಸರಕಾರದ ಖಾತೆಯ ಅಂಗಗಳಾಗಿದ್ದವು. 2021ರ ಅಕ್ಟೋಬರ್ 1ರಂದು ದೇಶದ 41 ಆರ್ಡ್‌ನನ್ಸ್ ಕಾರಖಾನೆಗಳನ್ನು ಏಳು ಸರಕಾರಿ ಕಂಪನಿಗಳಾಗಿ ಮಾಡಿದರು. ನಮ್ಮ ಎರಡೂ ಕಾರಖಾನೆಗಳು ಪುಣೆಯಲ್ಲೇ ಮುಖ್ಯ ಕಚೇರಿಯಿರುವ ಮ್ಯುನಿಶನ್ಸ್ ಇಂಡಿಯಾ ಲಿಮಿಟೆಡ್ಡಿಗೆ ಸೇರಿದವು. ಇದರಿಂದ ಹಿತವೋ ಅಹಿತವೋ ಎಂಬ ವಾದ ನಿಮ್ಮ ಯೂನಿಯನ್ನುಗಳಿಗೆ ಬಿಟ್ಟದ್ದು. ನಾನು ಹೇಳುವುದಿಷ್ಟೇ: ಖಾತೆಯು ಕಂಪನಿಯಾದಾಗ, ‘ಇದು ಮಂಡಲದ ದಿನನಿತ್ಯದ ಆಡಳಿತ’ ಎಂಬ ಆ ಹಳೆಯ ಉತ್ತರಕ್ಕೆ ಎಡೆಯಾಗುತ್ತದೆ. ಎಚ್ಚರದಿಂದಿರಬೇಕು.

ಹಾಗೆಂದು ಬಾಗಿಲು ಮುಚ್ಚಿಲ್ಲ. ಜೀವ ವಿಮಾ ನಿಗಮವು 1956ರಲ್ಲಿ ಹುಟ್ಟಿದ ಸ್ವತಂತ್ರ ನಿಗಮ. ಮರುವರ್ಷವೇ ಅದು ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳ ಶೇರು ಕೊಂಡದ್ದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಡಿಸೆಂಬರಿನಲ್ಲಿ ಫಿರೋಜ ಗಾಂಧಿಯವರು ಎಳೆಎಳೆಯಾಗಿ ಬಿಡಿಸಿ ಇಟ್ಟರು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿಗಳು ರಾಜೀನಾಮೆ ಕೊಟ್ಟರು. ಸರಕಾರಿ ಉದ್ಯಮಗಳನ್ನು ತಪಾಸು ಮಾಡಲು 1964ರಿಂದ ಸಂಸತ್ತಿನ ಸಮಿತಿಯೂ ಇದೆ. ಮಂತ್ರಿ ‘ಮಾಹಿತಿ ಕೂಡಿಸಿ ತಿಳಿಸುತ್ತೇವೆ’ ಎಂದರೆ ಆ ಮಾತನ್ನು ಬರೆದಿಟ್ಟು ಬೆನ್ನು ಹತ್ತಲು 1953ರಿಂದ ಇನ್ನೊಂದು ಸಮಿತಿ ಇದೆ. ಮೂರು ತಿಂಗಳ ಅವಧಿ ಎಂದು ಕಟ್ಟಳೆ.

ನಮ್ಮಲ್ಲಿ ಬಹಳ ಜನರ ದುಡಿಮೆ ಇಲ್ಲಿ, ಮತ ಊರಲ್ಲಿ. ಇದು ಕೊರತೆಯೆಂದು ತಿಳಿಯಬೇಡಿರಿ. ರಕ್ಷಣೆ, ರೇಲ್ವೆ, ಟಪಾಲು ಇವು ಕೇಂದ್ರದ ವಿಷಯಗಳು. ವಿಜಾಪುರದ, ಬೆಳಗಾವಿಯ, ಕಲಬುರ್ಗಿಯ ಸದಸ್ಯರೂ ಖಡಕಿಯ ಬಗ್ಗೆ ಕೇಳಬಹುದು. ಆದರೆ ಸರಕಾರಿ ನೌಕರನು ತನ್ನ ಬಡತಿ ಬದಲಿಗಳಿಗಾಗಿ ಹೊರಗಿನ ವಶೀಲಿ ತರಬಾರದೆಂದು ನಡತೆಯ ನಿಯಮವಿದೆ. ಆದ್ದರಿಂದ ಒಬ್ಬನ ತಕರಾರಾಗಿ ಕಳಿಸದೆ, ಎಲ್ಲರಿಗೂ ಸಂಬಂಧಿಸಿದ ವಿಷಯವಾಗಿ, ಯೂನಿಯನ್ನಿನ ಮೂಲಕ ಕಳಿಸಿರಿ. ‘ಬಹಳ ತ್ರಾಸವಾಗಿದೆ’ ಎಂದು ಬರೆಯಬೇಡಿರಿ. ಎಷ್ಟು ಜನ, ಯಾವ ತಾರೀಖಿನಿಂದ, ಯಾವ ಆಜ್ಞೆಯ ಪ್ರಕಾರ, ಎಷ್ಟು ಬಾಕಿ ಎಂದು ಬರೆಯಿರಿ. ಅಧಿವೇಶನಕ್ಕೆ ಬಹಳ ಮೊದಲೇ ಕಳಿಸಿರಿ. ಪ್ರಶ್ನೆಗೆ 15 ದಿನದ ಪೂರ್ವಸೂಚನೆ ಬೇಕು. ಅಷ್ಟರಲ್ಲಿ 2005ರ ಮಾಹಿತಿ ಹಕ್ಕಿನ ಕಾಯ್ದೆಯಂತೆ ಹತ್ತು ರೂಪಾಯಿ ಕಟ್ಟಿ ನೀವೇ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಜೋಶಿಯವರ ಕಾಲದ ಮಜೂರನಿಗೆ ಈ ಹಕ್ಕು ಕನಸಿನಲ್ಲೂ ಇರಲಿಲ್ಲ.

ಕೊನೆಗೊಂದು ಸೂಚನೆ. ಅಧಿವೇಶನದ ದಿನಗಳಲ್ಲಿ ನಮಗೆ ಸಂಬಂಧಿಸಿದ ಪ್ರಶ್ನೋತ್ತರಗಳನ್ನು ಕನ್ನಡದಲ್ಲಿ ಬರೆದು ಈ ವಾಚನಾಲಯದ ಹಲಗೆಯ ಮೇಲೆ ಹಚ್ಚೋಣ. ಆ ಕೆಲಸ ನಾನು ವಹಿಸಿಕೊಳ್ಳುತ್ತೇನೆ. ಓದಲು ಬಾರದವರಿಗೆ ಓದಿ ಹೇಳುವ ಕೆಲಸ ನಿಮ್ಮಲ್ಲಿ ಯಾರಾದರೂ ವಹಿಸಿಕೊಳ್ಳಿರಿ. ಒಮ್ಮೆ ನನ್ನ ಮೇಜಿನ ಮುಂದೆ ನಿಂತವನಿಗೆ ಸುಳ್ಳು ಹೇಳಿ ಕಳಿಸಿದ್ದೇನೆ. ಆ ಸಾಲ ಇಷ್ಟಾದರೂ ತೀರಲಿ.