ಯಾರು ಎನ್ನುವ ಮೊದಲು ಏಕೆ ಎಂದು ಕೇಳೋಣ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಕಂಪ್ಯೂಟರಿನ ವಿಷಯ ಮಕ್ಕಳಿಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಆ ಕೆಲಸದಲ್ಲಿ ನಾನು ಕಲಿತ ಒಂದು ಪದ್ಧತಿಯನ್ನು ಮಾತ್ರ ಹೇಳುತ್ತೇನೆ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ, ಮಹಿಳಾ ಸಂಘ, ಯಾವುದನ್ನೇ ನಡೆಸುವವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ವ್ಯವಹಾರದಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಕೇಳುವ ಪ್ರಶ್ನೆ, "ಯಾರು ಮಾಡಿದ್ದು?" ಒಬ್ಬ ಸಿಗುತ್ತಾನೆ. ಅವನನ್ನು ಬೈಯುತ್ತೇವೆ, ಇಲ್ಲವೇ ಬಿಡಿಸಿ ಬೇರೆಯವನನ್ನು ಇಡುತ್ತೇವೆ. ಆರು ತಿಂಗಳಲ್ಲಿ ಅದೇ ತೊಂದರೆ ಮತ್ತೆ ಬರುತ್ತದೆ. ಹೊಲದ ಬದುವಿನ ಬಳ್ಳಾರಿ ಜಾಲಿಯನ್ನು ಮೇಲಷ್ಟೇ ಕಡಿದರೆ ಏನಾಗುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಬೇರು ಕೀಳದೆ ಕೆಲಸ ಮುಗಿಯುವುದಿಲ್ಲ.

ಬೇರು ಹುಡುಕುವ ಒಂದು ಸರಳ ದಾರಿಯನ್ನು ಜಪಾನಿನ ಟೊಯೋಟಾ ಕಂಪನಿಯವರು ರೂಢಿಗೆ ತಂದರು. ಬಿಡದಿಯಲ್ಲಿ 1999ರಿಂದ ವಾಹನ ತಯಾರಿಸುತ್ತಿರುವುದು ಅದೇ ಸಂಸ್ಥೆ. ಅಲ್ಲಿನ ಎಂಜಿನಿಯರ್ ತಾಯಿಚಿ ಓನೊ "ಏಕೆ?" ಎಂದು ಐದು ಸಲ ಕೇಳಿರಿ ಎನ್ನುತ್ತಿದ್ದರು. ಅವರು ಕೊಟ್ಟ ಉದಾಹರಣೆ ಇದು. ಯಂತ್ರ ನಿಂತಿತು, ಏಕೆ? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಏಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಪಂಪು ಎಣ್ಣೆ ಎತ್ತಲಿಲ್ಲ. ಏಕೆ? ಪಂಪಿನ ಶಾಫ್ಟ್ ಸವೆದಿತ್ತು. ಏಕೆ? ಜರಡಿ ಇಲ್ಲದ್ದರಿಂದ ಲೋಹದ ಚೂರುಗಳು ಒಳಗೆ ಸೇರಿದ್ದವು. ಫ್ಯೂಸ್ ಹಾಕಿ ಸುಮ್ಮನಾದವನ ಯಂತ್ರ ಮತ್ತೆ ನಿಲ್ಲುತ್ತದೆ. ಜರಡಿ ಹಾಕಿದವನ ಯಂತ್ರ ಓಡುತ್ತದೆ.

ಇದನ್ನು ನಮ್ಮ ಕಡೆಗೆ ತರೋಣ. ಒಂದು ಗೊಬ್ಬರದ ಅಂಗಡಿ ಇದೆ ಎಂದುಕೊಳ್ಳಿ. ವ್ಯಾಪಾರ ಜೋರಾಗಿದೆ, ಆದರೆ ಪ್ರತಿ ವರ್ಷ ಮುಂಗಾರಿನ ಹೊತ್ತಿಗೆ ಹೊಸ ಮಾಲು ತರಲು ಕೈಯಲ್ಲಿ ರೊಕ್ಕ ಇರುವುದಿಲ್ಲ. ಏಕೆ? ಉದ್ರಿ ವಾಪಸ್ ಬಂದಿಲ್ಲ. ಏಕೆ? ರೈತ ಹತ್ತಿ ಮಾರಿದಾಗ ಬಂದ ಹಣ ಬೇರೆ ಸಾಲಕ್ಕೆ ಹೋಯಿತು. ನಮ್ಮ ಸರದಿ ಏಕೆ ಬರಲಿಲ್ಲ? ನಾವು ಕೇಳಿದ್ದೇ ಯುಗಾದಿ ಆದಮೇಲೆ. ಅಷ್ಟು ತಡ ಏಕೆ? ಯಾರು ಯಾವಾಗ ಕೊಡಬೇಕು ಎಂದು ಖಾತೆ ಪುಸ್ತಕದಲ್ಲಿ ಬರೆದಿಲ್ಲ. ಏಕೆ ಬರೆದಿಲ್ಲ? ಮಾಲು ಕೊಡುವಾಗ ಆ ಮಾತೇ ಆಡಿಲ್ಲ, ಮುಖ ನೋಡಿ ಕೊಟ್ಟಿದ್ದೇವೆ.

"ಗಿರಾಕಿಗಳು ಸರಿ ಇಲ್ಲ" ಎಂದು ಮೊದಲನೇ ಮೆಟ್ಟಿಲಲ್ಲೇ ನಿಂತಿದ್ದರೆ ಜಗಳ ಆಗುತ್ತಿತ್ತು, ಊರಿನ ನಂಟು ಕೆಡುತ್ತಿತ್ತು. ಐದನೇ ಮೆಟ್ಟಿಲಿಗೆ ಇಳಿದರೆ ಪರಿಹಾರ ಒಂದು ಸಾಲಿನದು: ಕೊಡುವ ದಿನವೇ ಮಿತಿಯನ್ನೂ ವಾಪಸಿನ ತಿಂಗಳನ್ನೂ ಇಬ್ಬರೂ ಕೂಡಿ ಬರೆದುಕೊಳ್ಳುವುದು.

ಇದನ್ನು ಮಾಡುವಾಗ ನಾಲ್ಕು ಎಚ್ಚರಿಕೆಗಳು ಬೇಕು.

ಮೊದಲನೆಯದು, ಪ್ರತಿ ಉತ್ತರವೂ ಕಣ್ಣಾರೆ ಕಂಡದ್ದಾಗಿರಬೇಕು. ಕುರ್ಚಿಯಲ್ಲಿ ಕುಳಿತು ಊಹಿಸಿದರೆ ಐದು ಏಕೆಗಳು ಐದು ಸುಳ್ಳುಗಳಾಗುತ್ತವೆ. ಖಾತೆ ತೆರೆದು ನೋಡಿ, ಗೋದಾಮಿಗೆ ಹೋಗಿ ನೋಡಿ, ಕೆಲಸ ಮಾಡುವವನನ್ನೇ ಕೇಳಿ. ಅವನು ನಿಜ ಹೇಳಬೇಕಾದರೆ ಬೈಗಳ ಹೆದರಿಕೆ ಇರಬಾರದು. ಸಾಫ್ಟ್‌ವೇರಿನಲ್ಲಿ ದೊಡ್ಡ ತೊಂದರೆ ಆದ ಮೇಲೆ ವರದಿ ಬರೆಯುವಾಗ ಯಾರ ಮೇಲೂ ತಪ್ಪು ಹೊರಿಸದ ಪದ್ಧತಿ ಹಲವು ಕಡೆ ಇರುವುದು ಈ ಕಾರಣಕ್ಕೇ.

ಎರಡನೆಯದು, ಉತ್ತರಗಳನ್ನು ಕೆಳಗಿನಿಂದ ಮೇಲಕ್ಕೆ "ಆದ್ದರಿಂದ" ಸೇರಿಸಿ ಓದಿ. ಜರಡಿ ಇರಲಿಲ್ಲ, ಆದ್ದರಿಂದ ಚೂರು ಸೇರಿತು, ಆದ್ದರಿಂದ ಶಾಫ್ಟ್ ಸವೆಯಿತು. ಎಲ್ಲಿಯಾದರೂ ಮಾತು ಕೂಡದಿದ್ದರೆ ಅಲ್ಲಿ ಮತ್ತೆ ಹುಡುಕಬೇಕು.

ಮೂರನೆಯದು, ಬೇರು ಒಂದೇ ಇರಬೇಕೆಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಸಾಲದ ಸಂಗತಿಯನ್ನೇ ನೋಡಿ. "ಮೇಲಿನವರು ನೀರು ಬಿಡುವುದಿಲ್ಲ" ಎಂದು ಮಾನ್ವಿ ಭಾಗದಲ್ಲಿ ಎಲ್ಲರೂ ಹೇಳುತ್ತೇವೆ. ಆ ಕಾಲುವೆಯನ್ನು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರು. ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು. ಜಲಾಶಯದಲ್ಲಿ ಹೂಳು ತುಂಬಿ ಆರಂಭದ ಸುಮಾರು 133 ಟಿ.ಎಂ.ಸಿ. ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಬೆಳೆಯ ನಿಯಮ ಕಾಗದದಲ್ಲೇ ಉಳಿಯಿತು. ಇಷ್ಟು ಬೇರುಗಳಿರುವ ಗಿಡಕ್ಕೆ ಒಬ್ಬ ರೈತನನ್ನು ಬೈದರೆ ನೀರು ಬರುವುದಿಲ್ಲ.

ನಾಲ್ಕನೆಯದು, ಮುರಿದದ್ದನ್ನು ಜೋಡಿಸಿದ ಕೂಡಲೇ ಹುಡುಕಾಟ ನಿಲ್ಲಿಸಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದೇ ವಾರದಲ್ಲಿ ಹರಿಯುವ ನೀರಿನಲ್ಲೇ ತಡೆ ಹಲಗೆಗಳನ್ನು ಇಳಿಸಿ ನೀರು ಉಳಿಸಿದರು. ಅದು ತುರ್ತಿನ ಚಿಕಿತ್ಸೆ, ಮಾಡಲೇಬೇಕಾದದ್ದು. ಆದರೆ ಉಳಿದ 32 ಗೇಟುಗಳಿಗೂ ಆಗ ಅಷ್ಟೇ ವಯಸ್ಸಾಗಿತ್ತು. ಅದಕ್ಕೇ ಪರಿಶೀಲಿಸಿದ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ತುರ್ತು ಕೆಲಸ ಬೇರೆ, ಬೇರಿನ ಕೆಲಸ ಬೇರೆ. ಎರಡೂ ಬೇಕು.

ಎಲ್ಲಿಯವರೆಗೆ ಏಕೆ ಎಂದು ಕೇಳುತ್ತಾ ಹೋಗಬೇಕು? ನಮ್ಮ ಕೈಯಿಂದ ಬದಲಿಸಬಹುದಾದ ಜಾಗ ಸಿಗುವವರೆಗೆ. "ಮಳೆ ಆಗಲಿಲ್ಲ" ಎನ್ನುವಲ್ಲಿ ನಿಂತರೆ ಮಾಡಲು ಏನೂ ಉಳಿಯುವುದಿಲ್ಲ. "ಮಳೆ ಕೈಕೊಟ್ಟ ವರ್ಷಕ್ಕೆ ನಾವು ಏನು ಕೂಡಿಟ್ಟಿದ್ದೆವು?" ಎಂದರೆ ಕೆಲಸ ಕಾಣುತ್ತದೆ.

ನನ್ನ ವಯಸ್ಸಿನ ಎಷ್ಟೋ ಗೆಳೆಯರು ಊರಲ್ಲೇ ಅಂಗಡಿ, ಟ್ರ್ಯಾಕ್ಟರ್ ಬಾಡಿಗೆ, ಹೈನುಗಾರಿಕೆ ನಡೆಸುತ್ತಿದ್ದಾರೆ. ಅವರ ವ್ಯವಹಾರ ನಿಂತರೆ ಅವರ ಮನೆಯ ಹುಡುಗರು ಬೆಂಗಳೂರಿನ ಕೂಲಿಯ ಬಸ್ಸು ಹತ್ತುತ್ತಾರೆ. ಈ ಮಾತು ಆಡಿದ್ದು ಅದಕ್ಕಾಗಿ.

ಮಕ್ಕಳೇ, ತರಗತಿಯಲ್ಲಿ "ಏಕೆ ಸರ್?" ಎಂದು ಕೇಳಲು ಹಿಂಜರಿಯಬೇಡಿ. ಗುರುಗಳೇ, ಕೇಳಿದ ಮಗುವಿಗೆ ಕುಳಿತುಕೋ ಎನ್ನಬೇಡಿ ಎಂದು ನಿಮ್ಮ ಶಿಷ್ಯನಾಗಿ ಬೇಡಿಕೊಳ್ಳುತ್ತೇನೆ. ಈ ಶಾಲೆ ಐವತ್ತು ವರ್ಷ ಕಲಿಸಿದ್ದರಲ್ಲಿ ಆ ಒಂದು ಪದ ಮುಂದಿನ ಐವತ್ತು ವರ್ಷಕ್ಕೂ ಸಾಕಾಗುತ್ತದೆ.



— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್