ಸೂಕ್ಷ್ಮಜೀವಿಯ ಮನೆಗೆ ಬಾಗಿಲು ಎಲ್ಲಿದೆ?



ಔರಾದ ತಾಲ್ಲೂಕಿನ ಎಕಂಬಾ ಬೀದರ ಜಿಲ್ಲೆಯ ಗಡಿಭಾಗದ ಊರು. ಅಲ್ಲಿಂದ ಆಚೆ ಮಹಾರಾಷ್ಟ್ರದ ಉದಗೀರ, ದೇವಣಿ ಸೀಮೆ. ದೇವಣಿ ಎಂಬ ಹೆಸರಾಂತ ದನದ ತಳಿ ಈ ಗಡಿಯ ಎರಡೂ ಬದಿಗೆ ಸೇರಿದ್ದು. ಇಂಥ ಊರಿನ ಒಂದು ಮನೆಯಲ್ಲಿ ಹಾಲು ಕೊಡುವ ಆಕಳೊಂದಿದೆ ಎಂದುಕೊಳ್ಳಿ. ಅದಕ್ಕೆ ಕೆಚ್ಚಲು ಬಾವು ಬಂತು, ಸೂಜಿ ಹಾಕಿಸಿದರು, ಎರಡು ದಿನಕ್ಕೆ ಬಾವು ಇಳಿಯಿತು. ಆದರೆ ಆ ಹಾಲಿಗೆ ರಾತ್ರಿ ಹಾಕಿದ ಹೆಪ್ಪು ಬೆಳಗಾದರೂ ಹತ್ತಲಿಲ್ಲ. ಹಾಲು ಹಾಲಾಗಿಯೇ ಉಳಿಯಿತು. ಮನೆಯವರು ಚಳಿಯನ್ನು ದೂರುತ್ತಾರೆ, ಹೆಪ್ಪನ್ನು ದೂರುತ್ತಾರೆ, ಕೆಲವೊಮ್ಮೆ ದೃಷ್ಟಿಯಾಯಿತೆನ್ನುತ್ತಾರೆ. ಚಳಿ ಕಾರಣವಾಗಿರಲೂಬಹುದು. ಆದರೆ ಸೂಜಿ ಹಾಕಿಸಿದ ಆಕಳ ಹಾಲಾದರೆ ಮೊದಲು ಅನುಮಾನಿಸಬೇಕಾದದ್ದು ಬೇರೆ. ಅದನ್ನು ತಿಳಿಯಲು ನಾವು ಬ್ಯಾಕ್ಟೀರಿಯಾದ ಮನೆಯೊಳಗೆ ಹೊಕ್ಕು ನೋಡಬೇಕು.

ಮನೆ ಎಷ್ಟು ದೊಡ್ಡದು? ಕರುಳಿನಲ್ಲಿ ವಾಸಿಸುವ ಎಶ್ಚೆರಿಷಿಯಾ ಕೋಲೈ ಎಂಬ ಬ್ಯಾಕ್ಟೀರಿಯಾದ ಉದ್ದ ಸುಮಾರು ಎರಡು ಮೈಕ್ರೋಮೀಟರು. ಐದುನೂರನ್ನು ತಲೆಗೆ ಕಾಲು ಜೋಡಿಸಿ ಮಲಗಿಸಿದರೆ ಒಂದು ಮಿಲಿಮೀಟರು ಆದೀತು. ನಮ್ಮ ಜೀವಕೋಶದಲ್ಲಿ ಇರುವಂತೆ ಇದರಲ್ಲಿ ಬೇರೆ ಬೇರೆ ಕೋಣೆಗಳಿಲ್ಲ. ವಂಶವಾಹಿಯ ದಾರ, ಪ್ರೋಟೀನು ತಯಾರಿಸುವ ರೈಬೋಸೋಮುಗಳು, ಎಲ್ಲವೂ ಒಂದೇ ಪಡಸಾಲೆಯಲ್ಲಿ. ಸುತ್ತ ಒಂದು ಕೋಶಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಕೊಬ್ಬಿನ ಅಣುಗಳು ಎರಡು ಸಾಲಾಗಿ, ಬಾಲಕ್ಕೆ ಬಾಲ ಕೊಟ್ಟು ನಿಂತು ಈ ಪೊರೆಯಾಗಿದೆ. ಎಣ್ಣೆಯಂಥ ಈ ಪೊರೆಯನ್ನು ಉಸಿರಿನ ಅನಿಲಗಳು ಸುಲಭವಾಗಿ ದಾಟುತ್ತವೆ, ನೀರೂ ಅಷ್ಟಿಷ್ಟು ದಾಟುತ್ತದೆ. ಸಕ್ಕರೆ ದಾಟುವುದಿಲ್ಲ. ಉಪ್ಪಿನ ಅಯಾನುಗಳೂ ದಾಟುವುದಿಲ್ಲ.

ಹಾಗಾದರೆ ಬ್ಯಾಕ್ಟೀರಿಯಾ ಉಣ್ಣುವುದು ಹೇಗೆ? ಪೊರೆಯಲ್ಲಿ ಅಲ್ಲಲ್ಲಿ ಪ್ರೋಟೀನುಗಳು ಹುದುಗಿವೆ. ಅವೇ ಬಾಗಿಲುಗಳು. ತೆರೆದಿಟ್ಟ ಬಾಗಿಲುಗಳಲ್ಲ, ಒಂದೊಂದಕ್ಕೂ ತನ್ನದೇ ಗಿರಾಕಿ ಇದ್ದಾನೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಳಗೆ ಬಿಡಲು ಪ್ರತ್ಯೇಕ ಬಾಗಿಲೇ ಇದೆ ಎಂಬುದನ್ನು 1956ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಜಾಕ್ ಮೊನೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಕ್ಕೆ ಅವರು ಪರ್ಮಿಯೇಸ್ ಎಂದು ಹೆಸರಿಟ್ಟರು.

ಹೊರಗೆ ಕಡಿಮೆ ಇರುವ ಸಕ್ಕರೆಯನ್ನು ಒಳಗೆ ಹೆಚ್ಚು ಕೂಡಿಹಾಕಬೇಕಾದರೆ ಶಕ್ತಿ ಬೇಕಲ್ಲವೇ? ಊರಿನ ನೀರಿನ ಟಾಂಕಿಯನ್ನು ನೆನೆಯಿರಿ. ಕರೆಂಟು ಇದ್ದಾಗ ಪಂಪು ನೀರನ್ನು ಮೇಲಕ್ಕೆ ಏರಿಸುತ್ತದೆ. ಆಮೇಲೆ ನೀರು ತಾನೇ ಇಳಿದು ಮನೆ ಮನೆಗೆ ಬರುತ್ತದೆ. ಬ್ಯಾಕ್ಟೀರಿಯಾ ಪ್ರೋಟಾನುಗಳನ್ನು, ಅಂದರೆ ಜಲಜನಕದ ಅಯಾನುಗಳನ್ನು, ಹೀಗೆಯೇ ಪೊರೆಯ ಹೊರಗೆ ದೂಡುತ್ತದೆ. ಅವು ಮರಳಿ ಒಳಗಿಳಿಯುವಾಗ ಅವುಗಳ ಕೈ ಹಿಡಿದು ಲ್ಯಾಕ್ಟೋಸೂ ಒಳಗೆ ಬರುತ್ತದೆ. ಪೊರೆಯ ಎರಡು ಬದಿಯ ಈ ವ್ಯತ್ಯಾಸವೇ ಜೀವದ ಬಂಡವಾಳ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಅನೇಕರು ನಂಬಲಿಲ್ಲ. 1978ರಲ್ಲಿ ಅದೇ ವಿಚಾರಕ್ಕೆ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಎಂಬುದು ಒಂದು. ಇದರ ವ್ಯವಹಾರ ಇನ್ನೂ ಸೊಗಸು. ಹಳ್ಳಿಯಲ್ಲಿ ಜೋಳ ಕೊಟ್ಟು ಮೆಣಸಿನಕಾಯಿ ಕೊಂಡಂತೆ, ಒಂದು ಅಣು ಲ್ಯಾಕ್ಟೋಸನ್ನು ಒಳಗೆ ತೆಗೆದುಕೊಂಡು ತನಗೆ ಬೇಡವಾದ ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಒಂದು ಅಣುವನ್ನು ಅದೇ ಬಾಗಿಲಿನಿಂದ ಹೊರಗೆ ಕೊಡುತ್ತದೆ. ಒಳಗೆ ಬಂದದ್ದನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಅದನ್ನೂ ಹೊರಗೆ ಹಾಕುತ್ತದೆ. ಆಮ್ಲ ಹೆಚ್ಚಾದಂತೆ ಹಾಲಿನ ಕೇಸೀನ್ ಪ್ರೋಟೀನು ಗಟ್ಟಿಯಾಗುತ್ತದೆ. ಅದೇ ಮೊಸರು.

ಈಗ ಸೂಜಿಯ ಮಾತು. ಬ್ಯಾಕ್ಟೀರಿಯಾದ ಒಳಗೆ ಎಲ್ಲವೂ ಕಿಕ್ಕಿರಿದು ತುಂಬಿರುವುದರಿಂದ ನೀರು ಒಳಕ್ಕೆ ನುಗ್ಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡದ 20 ಪಟ್ಟಿನವರೆಗೂ ಏರುತ್ತದೆ. ಲಾರಿಯ ಗಾಲಿಯಲ್ಲೂ ಇಷ್ಟಿರುವುದಿಲ್ಲ. ತೆಳುವಾದ ಪೊರೆ ಇದನ್ನು ತಾಳಲಾರದು. ಅದಕ್ಕೇ ಪೊರೆಯ ಹೊರಗೆ ಪೆಪ್ಟಿಡೋಗ್ಲೈಕನ್ ಎಂಬ ಬಲೆಯ ಗೋಡೆ ಇದೆ. ಕೋಶ ಬೆಳೆದಂತೆಲ್ಲ ಈ ಬಲೆಯನ್ನು ಬಿಚ್ಚಿ ಮತ್ತೆ ಹೊಲಿಯುತ್ತಿರಬೇಕು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದ ಪೆನಿಸಿಲಿನ್ ಮಾಡುವುದು ಇಷ್ಟೇ: ಹೊಲಿಯುವ ಕೈಯನ್ನು ಹಿಡಿದುಬಿಡುತ್ತದೆ. ಬಿಚ್ಚುವುದು ನಡೆದೇ ಇರುತ್ತದೆ. ಕೋಶ ಒಡೆಯುತ್ತದೆ. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ಮದ್ದು ನಮ್ಮನ್ನು ಬಾಧಿಸದು.

ಆಕಳ ರಕ್ತದಿಂದಲೋ ಕೆಚ್ಚಲಿಗೆ ಏರಿಸಿದ ಟ್ಯೂಬಿನಿಂದಲೋ ಪೆನಿಸಿಲಿನ್ ಹಾಲಿಗೆ ಇಳಿಯುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳ ಗೋಡೆಯೂ ಅದೇ ಬಲೆಯದು. ಥರ್ಮೋಫಿಲಸ್ ಅಂತೂ ಪೆನಿಸಿಲಿನ್‌ಗೆ ಬಹಳ ಬೇಗ ಬಲಿಯಾಗುತ್ತದೆ. ಹಾಲು ಕುದಿಸಿದರೆ ಮದ್ದು ಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪೂರ್ತಿ ಹೋಗುವುದಿಲ್ಲ.

ಎಲ್ಲ ಬ್ಯಾಕ್ಟೀರಿಯಾಗಳ ಮನೆಯೂ ಒಂದೇ ನಮೂನೆಯದಲ್ಲ. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಒಂದು ನೇರಳೆ ಬಣ್ಣ ಹಾಕಿ ತೊಳೆದು ನೋಡುವ ವಿಧಾನ ಪ್ರಕಟಿಸಿದರು. ದಪ್ಪ ಗೋಡೆಯವು ಬಣ್ಣ ಹಿಡಿದುಕೊಂಡವು, ಅವು ಗ್ರಾಂ-ಪಾಸಿಟಿವ್. ತೆಳು ಗೋಡೆಯವು ಬಿಟ್ಟುಕೊಟ್ಟವು, ಅವು ಗ್ರಾಂ-ನೆಗೆಟಿವ್. ಈ ಎರಡನೆಯವಕ್ಕೆ ಗೋಡೆ ತೆಳುವಾದರೂ ಅದರಾಚೆ ಇನ್ನೊಂದು ಪೊರೆ ಇದೆ, ಕೋಟೆಗೆ ಎರಡನೆಯ ಸುತ್ತಿದ್ದಂತೆ. ಬೀದರ ಕೋಟೆಯ ಕಂದಕ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅನೇಕ ಮದ್ದುಗಳು ಈ ಹೊರಪೊರೆಯಲ್ಲೇ ತಡೆದು ನಿಲ್ಲುತ್ತವೆ.

ಇನ್ನು ಆಕಳ ಹೊಟ್ಟೆಗೆ ಇಳಿಯೋಣ. ರೂಮೆನ್ ಎಂಬ ದೊಡ್ಡ ಚೀಲದ ಒಂದು ಮಿಲಿಲೀಟರು ರಸದಲ್ಲಿ ಸುಮಾರು ಒಂದು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿವೆ. ಜೋಳದ ಕಣಿಕೆಯ ನಾರು ಯಾವ ಬಾಗಿಲಲ್ಲೂ ತೂರದು. ಆದ್ದರಿಂದ ಅವು ಹೊರೆಯನ್ನು ಅಂಗಳದಲ್ಲೇ ಕತ್ತರಿಸುತ್ತವೆ: ಕಿಣ್ವಗಳನ್ನು ಮೈಮೇಲೆ ಹೊತ್ತು ನಾರಿಗೆ ಅಂಟಿಕೊಂಡು, ತುಂಡಾದ ಸಕ್ಕರೆಯನ್ನು ಮಾತ್ರ ಒಳಗೆ ಎಳೆದುಕೊಳ್ಳುತ್ತವೆ. ಅವು ಹೊರಗೆ ಬಿಟ್ಟ ಆಮ್ಲಗಳೇ ಆಕಳ ಮುಖ್ಯ ಆಹಾರ. ಹುಲ್ಲು ತಿನ್ನುವುದು ಆಕಳಲ್ಲ ಎಂದರೂ ತಪ್ಪಾಗದು.

ಆ ಕೆಲಸದಲ್ಲಿ ಹೊರಬೀಳುವ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಮಾಡುವ ಇನ್ನೊಂದು ಪಂಗಡ ಅಲ್ಲಿದೆ. ನೋಡಲು ಬ್ಯಾಕ್ಟೀರಿಯಾದಂತೆಯೇ. ಆದರೆ 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ವಂಶಾವಳಿ ನೋಡಿ, ಇವು ಬ್ಯಾಕ್ಟೀರಿಯಾಗಳೇ ಅಲ್ಲ, ಬೇರೆಯೇ ಕುಲ ಎಂದರು. ಆ ಕುಲಕ್ಕೆ ಇಂದು ಆರ್ಕಿಯಾ ಎಂದು ಹೆಸರು. ಇವುಗಳ ಪೊರೆಯ ಕೊಬ್ಬಿನ ಬಾಲಗಳೂ ಬೇರೆ, ಬಾಲವನ್ನು ತಲೆಗೆ ಬೆಸೆದ ಗಂಟೂ ಬೇರೆ. ನಮ್ಮಲ್ಲಿ ಮತ್ತು ಬ್ಯಾಕ್ಟೀರಿಯಾದಲ್ಲಿ ಇರುವುದು ಎಸ್ಟರ್ ಗಂಟು, ಆರ್ಕಿಯಾದಲ್ಲಿ ಅದಕ್ಕಿಂತ ಗಟ್ಟಿಯಾದ ಈಥರ್ ಗಂಟು. ಗೋಡೆಯಲ್ಲಿ ಪೆಪ್ಟಿಡೋಗ್ಲೈಕನ್ ಇಲ್ಲ. ಪೆನಿಸಿಲಿನ್ ಸುರಿದರೂ ಅವು ಜಗ್ಗುವುದಿಲ್ಲ. ಹೊಲಿಗೆಯೇ ಬೇರೆಯಾದಾಗ ದಾರ ಕತ್ತರಿಸುವವನು ಏನು ಮಾಡಿಯಾನು? ಟಾಂಕಿ ತುಂಬಿಸಲು ಇವು ಹೆಚ್ಚಾಗಿ ಸೋಡಿಯಂ ಅಯಾನನ್ನು ಬಳಸುತ್ತವೆ. ಮೇವಿನ ಶಕ್ತಿಯಲ್ಲಿ ಶೇಕಡಾ 2ರಿಂದ 12 ಭಾಗ ಈ ಮೀಥೇನಾಗಿ ಆಕಳ ಬಾಯಿಂದ ತೇಗಾಗಿ ಹೋಗುತ್ತದೆ. ರೈತನಿಗೆ ನಷ್ಟ, ವಾತಾವರಣಕ್ಕೆ ಬಿಸಿ. ಅದೇ ಕುಲದವು ಗೋಬರ್ ಗ್ಯಾಸಿನ ಗುಂಡಿಯಲ್ಲಿ ಕೆಲಸ ಮಾಡಿದರೆ ಒಲೆ ಉರಿಯುತ್ತದೆ!

ಪೊರೆಯನ್ನೇ ಗುರಿಯಾಗಿಸಿದ ಮದ್ದುಗಳೂ ಇವೆ. ಮೊನೆನ್ಸಿನ್ ಎಂಬುದನ್ನು ಕೆಲವು ದೇಶಗಳಲ್ಲಿ ದನದ ಮೇವಿಗೆ ಬೆರೆಸುತ್ತಾರೆ. ಅದು ಪೊರೆಯಲ್ಲಿ ಕಳ್ಳದಾರಿಯಾಗಿ ನಿಂತು ಅಯಾನುಗಳನ್ನು ಅತ್ತಿಂದಿತ್ತ ಸಾಗಿಸುತ್ತದೆ. ಟಾಂಕಿ ಸೋರತೊಡಗುತ್ತದೆ. ಬ್ಯಾಕ್ಟೀರಿಯಾ ನೀರೇರಿಸಿ ಏರಿಸಿ ಸೋಲುತ್ತದೆ. ಕುದುರೆ ಅದನ್ನು ಸ್ವಲ್ಪ ತಿಂದರೂ ಸಾಯುತ್ತದೆ, ಆದ್ದರಿಂದ ಇದು ಅಡ್ಡಾದಿಡ್ಡಿ ಬಳಸುವ ವಸ್ತುವಲ್ಲ. ಕೊಲಿಸ್ಟಿನ್ ಇನ್ನೊಂದು. ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿ ಅದನ್ನೇ ಹರಿಯುತ್ತದೆ. ಬೇರೆ ಯಾವುದೂ ನಾಟದ ಸೋಂಕಿಗೆ ಆಸ್ಪತ್ರೆಗಳಲ್ಲಿ ಉಳಿದಿರುವ ಕೊನೆಯ ಕೆಲವು ಮದ್ದುಗಳಲ್ಲಿ ಇದೂ ಒಂದು. ಅಂಥದ್ದನ್ನು ಕೋಳಿಗಳು ಬೇಗ ಕೊಬ್ಬಲೆಂದು ಆಹಾರದಲ್ಲಿ ಬೆರೆಸುತ್ತಿದ್ದರು. 2015ರಲ್ಲಿ ಚೀನಾದಿಂದ ಸುದ್ದಿ ಬಂತು: ಹೊರಪೊರೆಯ ಮೇಲ್ಮೈಯನ್ನೇ ತುಸು ಬದಲಿಸಿ ಕೊಲಿಸ್ಟಿನ್ ಅಂಟದಂತೆ ಮಾಡುವ ವಂಶವಾಹಿಯೊಂದು ಸಿಕ್ಕಿದೆ, ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ ಎಂದು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ಇಷ್ಟು ತಡವಾಗಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಯಾಕ್ಟೀರಿಯಾದ ಇನ್ನೊಂದು ಉಪಾಯ ಬಾಗಿಲುಗಳದ್ದೇ. 1980ರಲ್ಲಿ ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಟೆಟ್ರಾಸೈಕ್ಲಿನ್‌ಗೆ ಜಗ್ಗದ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿದರು. ಮದ್ದು ಒಳಗೆ ಹೋಗುತ್ತಿತ್ತು; ಆದರೆ ಹೋದಷ್ಟನ್ನೂ ಒಂದು ಪಂಪು ಹೊರಕ್ಕೆ ತಳ್ಳುತ್ತಿತ್ತು. ಒಂದು ಪ್ರೋಟಾನು ಒಳಗೆ, ಒಂದು ಅಣು ಮದ್ದು ಹೊರಗೆ. ಲ್ಯಾಕ್ಟೋಸು ಉಣ್ಣಿಸಿದ ಅದೇ ಟಾಂಕಿಯ ನೀರೇ ಇಲ್ಲೂ ಖರ್ಚಾಗುವುದು. ಮದ್ದು ಅರ್ಧಂಬರ್ಧ ಇದ್ದಾಗ ಪಂಪು ಇಲ್ಲದವು ಸಾಯುತ್ತವೆ, ಇದ್ದವು ಉಳಿದು ಮನೆ ತುಂಬುತ್ತವೆ. ಕೆಲವು ಪಂಪುಗಳು ಒಂದಲ್ಲ, ಹಲವು ಬಗೆಯ ಮದ್ದುಗಳನ್ನು ಹೊರಹಾಕುತ್ತವೆ.

ಭಾರತದ ಆಹಾರ ಸುರಕ್ಷತೆ ಪ್ರಾಧಿಕಾರ 2018ರಲ್ಲಿ ದೇಶದ ಎಲ್ಲೆಡೆಯಿಂದ 6,432 ಹಾಲಿನ ಮಾದರಿ ಪರೀಕ್ಷಿಸಿತು. 77ರಲ್ಲಿ ಪ್ರತಿಜೀವಕ ಮಿತಿ ಮೀರಿತ್ತು. ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಗಾಬರಿಯಾಗುವ ಸಂಖ್ಯೆಯಲ್ಲ, ಆದರೆ ಹತ್ತಾರು ಮನೆಗಳ ಹಾಲು ಒಂದೇ ಕ್ಯಾನಿಗೆ ಸೇರುವ ನಮ್ಮ ಪದ್ಧತಿಯಲ್ಲಿ ಒಂದು ಮನೆಯ ಹಾಲು ಒಂದೇ ಮನೆಯ ಹಾಲಾಗಿ ಉಳಿಯುವುದಿಲ್ಲ.

ಆದ್ದರಿಂದ ಸೂಜಿ ಹಾಕಿಸಿದ ದಿನ ಪಶುವೈದ್ಯರನ್ನು ಒಂದು ಪ್ರಶ್ನೆ ಕೇಳಿ: ಹಾಲು ಎಷ್ಟು ದಿನ ಬಿಡಬೇಕು? ಮದ್ದಿನ ಚೀಟಿಯ ಮೇಲೆ ಆ ಅವಧಿ ಅಚ್ಚಾಗಿರಬೇಕೆಂದು 2012ರಿಂದ ನಿಯಮವಿದೆ. ಅಚ್ಚಾಗಿಲ್ಲದಿದ್ದರೆ ಹಾಲಿಗೆ 7 ದಿನಕ್ಕೆ ಕಡಿಮೆಯಿಲ್ಲದಂತೆ ಬಿಡಬೇಕು. ಬಾವು ಇಳಿಯಿತೆಂದು ಹೇಳಿದಷ್ಟು ಸೂಜಿ ಮುಗಿಸದೆ ಬಿಡಬೇಡಿ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ; ಸಂಶಯವಿದ್ದರೆ ಕೇಳಲು ದೂರ ಹೋಗಬೇಕಿಲ್ಲ. ಇನ್ನೊಂದು ಮಾತು. ಚೆಲ್ಲಲು ಮನಸ್ಸು ಬಾರದೆ ಆ ಹಾಲನ್ನು ಕರುವಿಗೆ ಕುಡಿಸುವ ರೂಢಿ ಹಲವು ಕಡೆ ಉಂಟು. ಅದೂ ಬೇಡ. ಕರುವಿನ ಕರುಳಿನಲ್ಲೂ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಕೆಲವಕ್ಕೆ ಆಗಲೇ ಪಂಪುಗಳಿವೆ, ಮತ್ತು ಅದರ ಸಗಣಿ ಬೀಳುವುದು ನಿಮ್ಮ ಅಂಗಳದಲ್ಲೇ.